ಹುರುಳಿಲ್ಲದ ದಾವೆಯ ಸಮನ್ಸ್ ಬಂದಾಗ: ಮೊದಲ ವಾರದಿಂದ ಖರ್ಚಿನ ವಸೂಲಿಯವರೆಗೆ

ಹೊಲದ ಮೇಲೆ ಹೂಡುವ ಎಲ್ಲ ದಾವೆಗಳೂ ಗೆಲ್ಲುವುದಕ್ಕಾಗಿಯೇ ಹೂಡಿದವಲ್ಲ. ಕಲಬುರಗಿ ಸುತ್ತಮುತ್ತ ತೊಗರಿ ಬೆಳೆಯುತ್ತಿದ್ದ ಹೊಲಗಳು ನಿವೇಶನಗಳಾಗಿ ಬೆಲೆ ಏರಿದ ಮೇಲೆ, ಹಳೆಯ ಕ್ರಯಪತ್ರವನ್ನು ಈಗ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವವರಲ್ಲಿ ಕೆಲವರಿಗೆ ತೀರ್ಪು ಬೇಕಾಗಿಯೇ ಇರುವುದಿಲ್ಲ. ದಾವೆ ಬಾಕಿ ಇರುವಷ್ಟು ಕಾಲ ಕೊಳ್ಳುವವರು ಮುಂದೆ ಬರುವುದಿಲ್ಲ, ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ತಾರೀಖಿನ ಮೇಲೆ ತಾರೀಖು ಬಿದ್ದು ಬೇಸತ್ತ ಮಾಲೀಕ ಕೊನೆಗೆ ಒಂದಿಷ್ಟು ಹಣ ಕೊಟ್ಟು ರಾಜಿಗೆ ಒಪ್ಪುತ್ತಾನೆ. ಆ ಹಣಕ್ಕಾಗಿಯೇ ದಾವೆ ಹೂಡಿರಲಾಗುತ್ತದೆ. ಇಂಥ ದಾವೆಯನ್ನು ಎದುರಿಸುವ ದಾರಿಗಳು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೇ ಇವೆ. ಆದರೆ ಅವನ್ನು ಸಕಾಲದಲ್ಲಿ, ಬರಹದಲ್ಲಿ ಕೇಳಬೇಕು. ಕೇಳದವರಿಗೆ ಅವು ಸಿಗುವುದಿಲ್ಲ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ನಮ್ಮ ಮೇಲೆ ಬಂದ ದಾವೆಯೆಲ್ಲ ಸುಳ್ಳು ಎಂದು ನಂಬುವುದು ಸಹಜ. ಅದರಲ್ಲಿಯೂ ಅಕ್ಕ ಅಥವಾ ತಂಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೇಳಿದರೆ ಅದನ್ನು ಕಿರುಕುಳವೆಂದು ಕರೆಯುವ ರೂಢಿ ಈ ಭಾಗದ ಮನೆಗಳಲ್ಲಿ ಇನ್ನೂ ಇದೆ. ಅದು ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಮಾತ್ರ ಅದನ್ನು ಈ ತಿದ್ದುಪಡಿಯ ಬಲದಿಂದ ಮತ್ತೆ ತೆರೆಯಲಾಗುವುದಿಲ್ಲ. ಹೀಗಿರುವಾಗ ಒಡಹುಟ್ಟಿದವಳ ದಾವೆಗೆ ಮುಂದೆ ಹೇಳುವ ಅಸ್ತ್ರಗಳನ್ನು ಹೂಡಬೇಡಿ. ಲೋಕ ಅದಾಲತ್‌ನಲ್ಲಿ ಕುಳಿತು ಪಾಲು ಇತ್ಯರ್ಥ ಮಾಡಿಕೊಳ್ಳಿ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ.

ಸಮನ್ಸ್ ಬಂದ ವಾರ

ಸಮನ್ಸ್ ತೆಗೆದುಕೊಳ್ಳದೆ ಕಳುಹಿಸಿದರೆ ದಾವೆ ನಿಲ್ಲುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಹಳ ಜನರಿಗೆ ನಷ್ಟ ಮಾಡಿದೆ. ನಿರಾಕರಿಸಿದರೂ ಜಾರಿಯಾಯಿತೆಂದೇ ನ್ಯಾಯಾಲಯ ಪರಿಗಣಿಸಬಹುದು, ಆಗ ವಿಚಾರಣೆ ಏಕಪಕ್ಷೀಯವಾಗಿ ನಡೆಯುತ್ತದೆ. ಆದ್ದರಿಂದ ಸಹಿ ಮಾಡಿ ಪಡೆಯಿರಿ, ಪಡೆದ ದಿನಾಂಕವನ್ನು ಬರೆದಿಡಿ. ಆ ದಿನದಿಂದ 30 ದಿನಗಳಲ್ಲಿ ನಿಮ್ಮ ಲಿಖಿತ ಹೇಳಿಕೆ, ಅಂದರೆ ದಾವೆಗೆ ಬರಹದ ಉತ್ತರ, ಸಲ್ಲಿಕೆಯಾಗಬೇಕು. ಕಾರಣ ದಾಖಲಿಸಿ ನ್ಯಾಯಾಲಯ 90 ದಿನಗಳವರೆಗೆ ಅವಕಾಶ ಕೊಡಬಹುದು. ವಕೀಲರ ಶುಲ್ಕಕ್ಕೆ ಅನುಕೂಲವಿಲ್ಲದವರು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಬಹುದು; ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಸಹಾಯವಾಣಿಯ ಸಂಖ್ಯೆ 15100.

ಅದೇ ವಾರ ದಾಖಲೆ ಕೂಡಿಸಲು ಶುರು ಮಾಡಿ. ನೋಂದಾಯಿತ ಕ್ರಯಪತ್ರದ ದೃಢೀಕೃತ ನಕಲು, ಖರೀದಿಯಾದ ವರ್ಷದಿಂದ ಇಂದಿನವರೆಗಿನ ಪಹಣಿಗಳು, ಮುಟೇಶನ್ ನಕಲು ಮತ್ತು ಋಣಭಾರ ಪ್ರಮಾಣಪತ್ರ ಬೇಕೇಬೇಕು. ಕಲಬುರಗಿ, ಬೀದರ್, ಯಾದಗಿರಿ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಆ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ಅಜ್ಜನ ಕಾಲದ ಹಕ್ಕಿನ ಮಾತು ಬಂದರೆ ಆ ಕಾಗದಗಳೂ ಬೇಕಾಗುತ್ತವೆ, ಅವುಗಳ ಅನುವಾದವೂ ಬೇಕಾಗುತ್ತದೆ. ಉರ್ದು ಬಲ್ಲವರಿಂದ ಮಾಡಿಸಿದ ಅನುವಾದದಲ್ಲಿ ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ನೀವೇ ಕುಳಿತು ಹೋಲಿಸಿ ನೋಡಿ. ಇನ್ನು ತಾರೀಖುಗಳನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ ಮನೆಯಿಂದಲೇ ತಿಳಿಯಬಹುದು.

ದಾವೆ ಬರಬಹುದೆಂಬ ಸುಳಿವು ಮೊದಲೇ ಸಿಕ್ಕಿದ್ದರೆ ಸಂಹಿತೆಯ 148ಎ ಕಲಮಿನಡಿ ಕೇವಿಯಟ್, ಅಂದರೆ ನನಗೆ ತಿಳಿಸದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ, ಹಾಕಿಡುವುದು ಒಳ್ಳೆಯದು. ಅದು 90 ದಿನ ಊರ್ಜಿತದಲ್ಲಿರುತ್ತದೆ, ಆ ಅವಧಿಯಲ್ಲಿ ನಿಮಗೆ ತಿಳಿಸದೆ ತಡೆಯಾಜ್ಞೆ ಕೊಡುವ ಹಾಗಿಲ್ಲ.

ತಡೆಯಾಜ್ಞೆ ಬಂದಿದ್ದರೆ

ನಿಮ್ಮ ಮಾತು ಕೇಳದೆ ತಾತ್ಕಾಲಿಕ ತಡೆಯಾಜ್ಞೆ ನೀಡಿದ್ದರೆ ಎರಡು ವಿಷಯ ಪರಿಶೀಲಿಸಿ. ಆದೇಶ ಪಡೆದವರು ಅರ್ಜಿ, ಪ್ರಮಾಣಪತ್ರ (ಅಫಿಡವಿಟ್), ವಾದಪತ್ರ (ದಾವೆ ಹೂಡಲು ವಾದಿ ಸಲ್ಲಿಸಿದ ಬರಹ) ಮತ್ತು ದಾಖಲೆಗಳ ಪ್ರತಿಗಳನ್ನು ತಕ್ಷಣ ನಿಮಗೆ ತಲುಪಿಸಬೇಕು ಇಲ್ಲವೇ ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು, ಹಾಗೆ ಮಾಡಿದ್ದಕ್ಕೆ ಅದೇ ದಿನ ಅಥವಾ ಮರುದಿನ ಪ್ರಮಾಣಪತ್ರ ಸಲ್ಲಿಸಬೇಕು. ಎರಡನೆಯದಾಗಿ, ಅಂಥ ಅರ್ಜಿಯನ್ನು 30 ದಿನಗಳಲ್ಲಿ ಇತ್ಯರ್ಥಪಡಿಸಲು ನ್ಯಾಯಾಲಯ ಪ್ರಯತ್ನಿಸಬೇಕೆಂದು ಸಂಹಿತೆಯ ಆದೇಶ 39ರ (ಸಂಹಿತೆಯಲ್ಲಿ ನಿಯಮಗಳ ಅಧ್ಯಾಯಗಳನ್ನು ‘ಆದೇಶ’ ಎನ್ನುತ್ತಾರೆ) ನಿಯಮ 3ಎ ಹೇಳುತ್ತದೆ. ಇವು ನಡೆದಿಲ್ಲವೆಂದಾದರೆ, ಅಥವಾ ವಾದಿ ಮುಖ್ಯ ಸಂಗತಿಯೊಂದನ್ನು ಗೊತ್ತಿದ್ದೂ ತಪ್ಪಾಗಿ ಹೇಳಿದ್ದರೆ, ನಿಯಮ 4ರಡಿ ತೆರವಿಗೆ ಅರ್ಜಿ ಹಾಕಿ. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ಪಡೆದು ನಷ್ಟ ಮಾಡಿದವರಿಂದ 95ನೇ ಕಲಮಿನಡಿ 50,000 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆದ್ದರಿಂದ ಬಿತ್ತನೆ ತಪ್ಪಿದ್ದಕ್ಕೆ, ಮಾರಾಟದ ಕರಾರು ಮುರಿದದ್ದಕ್ಕೆ ಲೆಕ್ಕ ಮತ್ತು ಕಾಗದ ಇಟ್ಟುಕೊಳ್ಳಿ.

ವಾದಪತ್ರವನ್ನೇ ತಿರಸ್ಕರಿಸಲು ಕೇಳಿ

ಆದೇಶ 7ರ ನಿಯಮ 11 ಎಲ್ಲಕ್ಕಿಂತ ಮುಖ್ಯವಾದ ದಾರಿ. ವಾದಪತ್ರದಲ್ಲಿ ವ್ಯಾಜ್ಯಕಾರಣವೇ, ಅಂದರೆ ದಾವೆ ಹೂಡುವ ಹಕ್ಕು ಕೊಡುವ ಸಂಗತಿಯೇ, ಕಾಣದಿದ್ದರೆ, ಅಥವಾ ಅದರ ಒಕ್ಕಣೆಯಿಂದಲೇ ದಾವೆಗೆ ಕಾನೂನಿನ ನಿರ್ಬಂಧವಿದೆಯೆಂದು ತಿಳಿದುಬಂದರೆ, ಸಾಕ್ಷಿ ವಿಚಾರಣೆಗೆ ಹೋಗದೆ ವಾದಪತ್ರವನ್ನು ತಿರಸ್ಕರಿಸುವುದು ನ್ಯಾಯಾಲಯದ ಕರ್ತವ್ಯ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1977ರಲ್ಲಿ, ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಅರಿವಂದಂದಂ ಪ್ರಕರಣದಲ್ಲಿ, ಚತುರ ಬರವಣಿಗೆಯಿಂದ ವ್ಯಾಜ್ಯಕಾರಣದ ಭ್ರಮೆ ಹುಟ್ಟಿಸಿದ ದಾವೆಯನ್ನು ಮೊಳಕೆಯಲ್ಲಿಯೇ ಚಿವುಟಬೇಕು, ವಾದಿಯನ್ನು ಆದೇಶ 10ರಡಿ ಮೊದಲ ವಿಚಾರಣೆಯಲ್ಲಿಯೇ ಖುದ್ದು ಪ್ರಶ್ನಿಸಬೇಕು ಎಂದು ಹೇಳಿದರು. ಈ ಎರಡನೆಯ ಮಾತನ್ನು ನಮ್ಮಲ್ಲಿ ಬಹುಮಟ್ಟಿಗೆ ಮರೆಯಲಾಗಿದೆ, ಹೀಗಾಗಿ ಅದನ್ನು ಅರ್ಜಿಯಲ್ಲಿಯೇ ನೆನಪಿಸಿ ಕೋರಿಕೊಳ್ಳಿ.

ಈ ಅರ್ಜಿಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ತಮ್ಮ ಬಳಿಯ ದಾಖಲೆಗಳ ಬಲದ ಮೇಲೆ ವಾದಿಸುತ್ತಾರೆ. ಈ ಹಂತದಲ್ಲಿ ನ್ಯಾಯಾಲಯ ನೋಡುವುದು ವಾದಪತ್ರವನ್ನು ಮತ್ತು ಅದರೊಂದಿಗೆ ವಾದಿ ಹಾಜರುಪಡಿಸಿದ ಕಾಗದಗಳನ್ನು ಮಾತ್ರ. ಆದ್ದರಿಂದ ವಾದಿಯ ಕಾಗದದಲ್ಲಿಯೇ ದಿನಾಂಕಗಳನ್ನು ಹುಡುಕಿ. ಕ್ರಯಪತ್ರ ರದ್ದು ಕೋರುವ ದಾವೆಗೆ ಕಾಲಪರಿಮಿತಿ ಕಾಯ್ದೆಯ 59ನೇ ಅನುಚ್ಛೇದದಂತೆ ಮೂರು ವರ್ಷಗಳ ಮಿತಿಯಿದ್ದು, ಅದು ರದ್ದು ಕೋರಲು ಕಾರಣವಾದ ಸಂಗತಿ ವಾದಿಗೆ ತಿಳಿದ ದಿನದಿಂದ ಆರಂಭವಾಗುತ್ತದೆ. ಹೀಗಾಗಿಯೇ ಇಂಥ ವಾದಪತ್ರಗಳಲ್ಲಿ ‘ಕಳೆದ ತಿಂಗಳಷ್ಟೇ ತಿಳಿಯಿತು’ ಎಂಬ ಸಾಲು ತಪ್ಪದೆ ಇರುತ್ತದೆ. ಸೂರತ್‌ನ ಜಮೀನಿಗೆ ಸಂಬಂಧಿಸಿದ ದಹಿಬೆನ್ ಪ್ರಕರಣದಲ್ಲಿ 2009ರಲ್ಲಿ ನೋಂದಾಯಿತ ಕ್ರಯಪತ್ರ ಬರೆದುಕೊಟ್ಟವರು, ಹಣದ ಬಹುಪಾಲು ಬಂದಿಲ್ಲವೆಂದು 2014ರಲ್ಲಿ ದಾವೆ ಹೂಡಿದ್ದರು. ಐದು ವರ್ಷ ಸುಮ್ಮನಿದ್ದವರ ಈ ಮಾತನ್ನು ಒಪ್ಪದ ಸುಪ್ರೀಂ ಕೋರ್ಟ್ 2020ರಲ್ಲಿ ವಾದಪತ್ರದ ತಿರಸ್ಕಾರವನ್ನು ಎತ್ತಿಹಿಡಿದು, ಒಂದು ಲಕ್ಷ ರೂಪಾಯಿ ಖರ್ಚನ್ನೂ ವಿಧಿಸಿತು.

ಖರ್ಚು ಕೇಳಲು ಸಂಕೋಚ ಬೇಡ

ಆ ಒಂದು ಲಕ್ಷ ನಮ್ಮ ಕೆಳಗಿನ ನ್ಯಾಯಾಲಯಗಳಲ್ಲಿ ಅಪರೂಪ. ದಾವೆ ವಜಾ ಆದಾಗಲೂ ‘ಉಭಯ ಪಕ್ಷಗಾರರು ತಮ್ಮ ತಮ್ಮ ವೆಚ್ಚ ಭರಿಸತಕ್ಕದ್ದು’ ಎಂಬ ಸಾಲಿನಿಂದ ತೀರ್ಪು ಮುಗಿಯುವುದು ಸಾಮಾನ್ಯ. ಆದರೆ ಸಂಹಿತೆಯ 35ನೇ ಕಲಮಿನಂತೆ ಸೋತವರಿಂದ ಖರ್ಚು ಕೊಡಿಸುವುದೇ ನಿಯಮ, ಕೊಡಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ವಕೀಲರ ಶುಲ್ಕ, ನಕಲಿನ ವೆಚ್ಚ, ಸಾಕ್ಷಿಗಳ ಭತ್ಯೆಗಳ ಲೆಕ್ಕಪತ್ರವನ್ನು ವಾದ ಮುಗಿಯುವ ದಿನವೇ ರಸೀದಿ ಸಮೇತ ಸಲ್ಲಿಸಿ, ಆ ಕಲಮನ್ನು ಉಲ್ಲೇಖಿಸಿ ಕೇಳಿ. ಸೇಡಂನಿಂದಲೋ ಚಿಂಚೋಳಿಯಿಂದಲೋ ಕೂಲಿ ಬಿಟ್ಟು ಪ್ರತಿ ತಾರೀಖಿಗೆ ಬಂದು ಹೋದವರು ಇದನ್ನು ದಯೆಯೆಂದು ಬೇಡಬೇಕಾಗಿಲ್ಲ. ವಿಳಂಬಕ್ಕೂ ಬೆಲೆಯಿದೆ: 35ಬಿ ಕಲಮಿನಡಿ ವಿಧಿಸಿದ ಖರ್ಚನ್ನು ಮುಂದಿನ ತಾರೀಖಿಗೆ ಕೊಡದ ವಾದಿ ದಾವೆಯನ್ನು ಮುಂದುವರಿಸುವ ಹಾಗಿಲ್ಲ.

ದಾವೆ ಸುಳ್ಳು ಮತ್ತು ಕಿರುಕುಳದ್ದೆಂದು ಪ್ರತ್ಯೇಕ ಪರಿಹಾರ ಕೇಳಲು 35ಎ ಕಲಮು ಇದೆ. ಇದಕ್ಕಾಗಿ ‘ಈ ದಾವೆ ಸುಳ್ಳೆಂದು ವಾದಿಗೇ ಗೊತ್ತಿದೆ’ ಎಂಬ ಆಕ್ಷೇಪವನ್ನು ಲಿಖಿತ ಹೇಳಿಕೆಯಲ್ಲಿಯೇ ಬರೆಸಿರಬೇಕು. ದೊರೆಯುವ ಗರಿಷ್ಠ ಮೊತ್ತ ಮಾತ್ರ 3,000 ರೂಪಾಯಿ. 1976ರ ತಿದ್ದುಪಡಿ ಇಟ್ಟ ಮಿತಿ ಇಂದಿಗೂ ಹಾಗೆಯೇ ಇದೆ. ಅದನ್ನು ಒಂದು ಲಕ್ಷಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಲಹೆ ಕೊಟ್ಟಿತು, ಕಾನೂನು ಆಯೋಗ 2012ರ ತನ್ನ 240ನೇ ವರದಿಯನ್ನು ಸಿವಿಲ್ ದಾವೆಗಳ ಖರ್ಚಿನ ವಿಷಯಕ್ಕೇ ಮೀಸಲಿಟ್ಟಿತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಈ ಮಿತಿಯನ್ನು ತೆಗೆದುಹಾಕಿದ್ದು ವಾಣಿಜ್ಯ ವ್ಯಾಜ್ಯಗಳಿಗೆ ಮಾತ್ರ. ಕಂಪನಿಗಳ ಜಗಳದಲ್ಲಿ ಸುಳ್ಳಿಗೆ ಮಿತಿಯಿಲ್ಲದ ಬೆಲೆ, ರೈತನ ಹೊಲದ ಮೇಲಿನ ಸುಳ್ಳಿಗೆ ಮೂರು ಸಾವಿರ ಎಂಬ ಈ ಭೇದ ಹೋಗಲೇಬೇಕು.

ಹಾಗೆಂದು ದಾವೆ ಹೂಡುವ ಶುಲ್ಕವನ್ನೇ ಏರಿಸಿ ಸುಳ್ಳು ದಾವೆ ತಡೆಯೋಣ ಎಂಬ ವಾದವನ್ನು ಒಪ್ಪಲಾಗದು. ಶುಲ್ಕ ಏರಿದರೆ ಮೊದಲು ಹೊರಗುಳಿಯುವವರು ಪಾಲು ಕೇಳುವ ಹೆಣ್ಣುಮಕ್ಕಳು ಮತ್ತು ಬಡವರು. ಹಣವಿದ್ದು ಕಿರುಕುಳ ಕೊಡುವವನು ಆ ಶುಲ್ಕವನ್ನೂ ಕಟ್ಟುತ್ತಾನೆ. ಒಳಬರುವಾಗ ಅಡ್ಡಿ ಬೇಡ, ಸುಳ್ಳು ಸಾಬೀತಾಗಿ ಹೊರಹೋಗುವಾಗ ನಿಜವಾದ ಖರ್ಚನ್ನು ತೆರುವಂತಾಗಲಿ. ಒಬ್ಬನೇ ಮತ್ತೆ ಮತ್ತೆ ದಾವೆ ಹೂಡುತ್ತಿದ್ದರೆ, ಮುಂದೆ ನ್ಯಾಯಾಲಯದ ಅನುಮತಿ ಪಡೆದೇ ಹೂಡಬೇಕೆಂಬ ಕಾನೂನು ಮದ್ರಾಸಿನಲ್ಲಿ 1949ರಲ್ಲಿ, ಮಹಾರಾಷ್ಟ್ರದಲ್ಲಿ 1971ರಲ್ಲಿ ಬಂದಿದೆ. ಅದು ದೇಶಕ್ಕೆಲ್ಲ ಬೇಕೆಂದು ಕಾನೂನು ಆಯೋಗ 2005ರಲ್ಲಿಯೇ ಶಿಫಾರಸು ಮಾಡಿದೆ.

ದಾವೆ ವಜಾ ಆದ ಮೇಲೆ

ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ. ಎದುರುದಾರರಿಗೆ ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯದಲ್ಲಾದರೆ 30 ದಿನ, ಕಲಬುರಗಿಯ ಹೈಕೋರ್ಟ್ ಪೀಠದಲ್ಲಾದರೆ 90 ದಿನ ಇರುವುದರಿಂದ, ಅಲ್ಲಿಯೂ ಕೇವಿಯಟ್ ಹಾಕಿಡಿ. ಖರ್ಚು ಕೊಡಿಸಿದ್ದರೆ ಅಮಲ್ಜಾರಿ ಅರ್ಜಿಯ (ಡಿಕ್ರಿಯನ್ನು ಜಾರಿಗೆ ತರಲು ಕೋರುವ ಅರ್ಜಿಯ) ಮೂಲಕ ವಸೂಲಿ ಮಾಡಿ, ಮೊತ್ತ ಚಿಕ್ಕದೆಂದು ಬಿಡಬೇಡಿ. ಪಹಣಿಯ 11ನೇ ಕಾಲಂನಲ್ಲಿ ತಡೆಯಾಜ್ಞೆಯ ನಮೂದು ಉಳಿದಿದ್ದರೆ ಡಿಕ್ರಿಯ ನಕಲಿನೊಂದಿಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ತೆಗೆಸಿ, ಹೊಸ ಪಹಣಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದ ನಂತರವೇ ಬ್ಯಾಂಕಿನ ಅಥವಾ ಕೊಳ್ಳುವವರ ಬಳಿಗೆ ಹೋಗಿ.