ಕ್ಯಾಮೆರಾಗಳು ಬದಲಾದವು, ಐವತ್ತರ ಲೆನ್ಸ್ ಉಳಿಯಿತು

ನನ್ನ ಮೊದಲ ಒಳ್ಳೆಯ ಕ್ಯಾಮೆರಾ ಪೆಂಟಾಕ್ಸ್ ಕೆ1000. 1976ರಲ್ಲಿ ಬಂದ ಮಾಡೆಲ್. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್, ಜೊತೆಗೆ 50 ಎಂಎಂ ಎಫ್/2 ಲೆನ್ಸ್ ಇತ್ತು (ಎಫ್/2 ಅಂದರೆ ಬೆಳಕಿನ ಕಿಂಡಿ ಪೂರ್ತಿ ತೆರೆದಾಗಿನ ಅಳತೆ). ಆಮೇಲೆ ಎಷ್ಟೋ ಸಾಮಾನು ಬಂದು ಹೋಯಿತು. ಈ ಲೆನ್ಸ್ ಮಾತ್ರ ಇನ್ನೂ ಬ್ಯಾಗಿನಲ್ಲಿದೆ.

ಕೆ1000ದಲ್ಲಿ ಬ್ಯಾಟರಿ ಬೇಕಾಗಿದ್ದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದು ಖಾಲಿಯಾದರೂ ಷಟರ್ ಕೆಲಸ ಮಾಡುತ್ತದೆ. ಮೀಟರಿಗೆ ಆಫ್ ಸ್ವಿಚ್ಚೇ ಇಲ್ಲ, ಲೆನ್ಸಿನ ಮುಚ್ಚಳ ಹಾಕಿದರೆ ಅದೇ ಆಫ್. ವ್ಯೂಫೈಂಡರಿನ ಬಲಕ್ಕೆ ಒಂದು ಮುಳ್ಳು. ಅಪರ್ಚರನ್ನೋ (ಅದೇ ಲೆನ್ಸಿನ ಬೆಳಕಿನ ಕಿಂಡಿ) ಷಟರಿನ ವೇಗವನ್ನೋ ತಿರುಗಿಸಿ ಅದನ್ನು ನಡುವಿಗೆ ತರಬೇಕು. ಆದರೆ ಮುಳ್ಳು ನಡುವೆ ನಿಂತ ಮಾತ್ರಕ್ಕೆ ಫೋಟೋ ಚೆನ್ನಾಗಿ ಬರುತ್ತದೆ ಅಂತೇನಿಲ್ಲ. ಮೀಟರ್ ಎಲ್ಲವನ್ನೂ ಮಧ್ಯಮ ಬೂದು ಅಂದುಕೊಳ್ಳುತ್ತದೆ. ಬಿಸಿಲು ಬಿದ್ದ ಬಿಳಿ ಗೋಡೆಯ ಮುಂದೆ ನಿಂತವರನ್ನು ಅದು ಹೇಳಿದ ಹಾಗೆ ತೆಗೆದರೆ ಗೋಡೆ ಬೂದು, ಮುಖ ಕಪ್ಪು. ಅದಕ್ಕೇ ಮುಖದ ಹತ್ತಿರ ಹೋಗಿ ಅಳೆಯುತ್ತಿದ್ದೆ. ಮತ್ತೆ ಹಿಂದೆ ಬಂದು, ಮುಳ್ಳು ಏನೇ ಹೇಳಲಿ, ಅದೇ ಲೆಕ್ಕದಲ್ಲಿ ಕ್ಲಿಕ್. ರೋಲಿನಲ್ಲಿ ಇರುವುದೇ 36 ಫೋಟೋ, ಸುಮ್ನೆ ಒತ್ತುವ ಹಾಗಿರಲಿಲ್ಲ.

ನಡುವೆ ಒಂದು ಆಟೋಫೋಕಸ್ ಫಿಲ್ಮ್ ಕ್ಯಾಮೆರಾ, ಒಂದು ಜೂಮ್. ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ಡಿಜಿಟಲ್ಲಿಗೆ ಬಂದಾಗ ಪೆಂಟಾಕ್ಸಿನದೇ ಕೆ100ಡಿ ಆರಿಸಿಕೊಂಡೆ. 2006ರದ್ದು, ಬರೀ 6 ಮೆಗಾಪಿಕ್ಸೆಲ್. ಕಾರಣ ಒಂದೇ, 1975ರಿಂದ ಬಂದ ಕೆ ಮೌಂಟ್, ಅಂದರೆ ಲೆನ್ಸ್ ಕೂರುವ ಬಳೆ, ಅದರಲ್ಲೂ ಇತ್ತು. ಹಳೆಯ ಲೆನ್ಸ್ ಟಕ್ ಅಂತ ಕೂತಿತು. ಆದರೆ ಯಾವ ಲೆನ್ಸ್ ಬಂದಿದೆ ಅಂತ ಕ್ಯಾಮೆರಾಗೆ ಗೊತ್ತಾಗಬೇಕಲ್ವಾ? ಮೊದಲು ಮೆನುವಿನಲ್ಲಿ ಅಪರ್ಚರ್ ರಿಂಗ್ ಬಳಸಲು ಅನುಮತಿ ಕೊಡಬೇಕು. ಆನ್ ಮಾಡಿದಾಗ ಲೆನ್ಸ್ ಎಷ್ಟು ಎಂಎಂ ಅಂತ ಕೇಳುತ್ತದೆ. 50 ಅಂತ ಹೇಳಿದರೆ ಕೈನಡುಕಕ್ಕೆ ಸೆನ್ಸರನ್ನು (ಫಿಲ್ಮಿನ ಜಾಗದಲ್ಲಿರುವ ಚಿಪ್) ಎಷ್ಟು ಸರಿಸಬೇಕು ಅಂತ ಅದು ಲೆಕ್ಕ ಹಾಕಿಕೊಳ್ಳುತ್ತದೆ. ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾದ್ದರಿಂದ ನೋಟ 75 ಎಂಎಂ ಲೆನ್ಸಿನಷ್ಟು ಕಿರಿದಾಯಿತು. ಒಬ್ಬರ ಮುಖ ತೆಗೆಯಲು ಸೊಗಸು, ಚಿಕ್ಕ ಕೋಣೆಯಲ್ಲಿ ಗುಂಪಿನ ಫೋಟೋ ಮಾತ್ರ ಆಗದ ಮಾತು.

ಕಷ್ಟ ಆಗಿದ್ದು ಫೋಕಸ್. ಕೆ1000ದ ಪರದೆಯ ನಡುವೆ ಚುಕ್ಕಿ ಚುಕ್ಕಿಯ ಒಂದು ವೃತ್ತ ಇತ್ತು, ಅದರ ಮಿಣುಕು ನಿಂತರೆ ಫೋಕಸ್ ಆಯಿತು ಅಂತ. ಡಿಜಿಟಲ್ಲಿನ ಪರದೆ ಆಟೋಫೋಕಸ್ಸಿಗೆಂದೇ ಮಾಡಿದ್ದು, ಆ ವೃತ್ತ ಇಲ್ಲ. ಎಫ್/2ರಲ್ಲಿ ಸ್ಪಷ್ಟವಾಗಿ ಬರುವ ಜಾಗ ತೀರಾ ತೆಳು, ಕಣ್ಣಿನ ಬದಲು ಕಿವಿ ಸ್ಪಷ್ಟವಾಗುವುದು ಮಾಮೂಲು.

ಈಗಿರುವುದು ಫುಲ್ ಫ್ರೇಮ್ ಮಿರರ್‌ಲೆಸ್, ಸೆನ್ಸರ್ ಹಳೆಯ ಫಿಲ್ಮಿನಷ್ಟೇ ದೊಡ್ಡದು. ಒಳಗೆ ಕನ್ನಡಿ ಇಲ್ಲದ್ದರಿಂದ ಸೆನ್ಸರಿಗೂ ಮೌಂಟಿಗೂ ಅಂತರ ಕಡಿಮೆ, ಹಳೆಯ ಲೆನ್ಸ್ ಕೂರಿಸುವ ಅಡಾಪ್ಟರ್ ಹಾಕಲು ಜಾಗ ಸಿಗುತ್ತದೆ. ಐವತ್ತು ಮತ್ತೆ ಐವತ್ತಾಯಿತು! ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗನ್ನು ನಾನು ಜಾಸ್ತಿ ನಂಬುವುದಿಲ್ಲ. ಎಫ್/2ರಲ್ಲಿ ಅದು ಧಾರಾಳವಾಗಿ ಎಲ್ಲಕ್ಕೂ ಬಣ್ಣ ಹಚ್ಚುತ್ತದೆ. ಕಣ್ಣಿನ ರೆಪ್ಪೆಯನ್ನು ದೊಡ್ಡದು ಮಾಡಿ ನೋಡಿಯೇ ರಿಂಗ್ ತಿರುಗಿಸುತ್ತೇನೆ.

ಸದ್ಯ ಅದೇ ಲೆನ್ಸಿಗೆ ಎಕ್ಸ್‌ಟೆನ್ಷನ್ ಟ್ಯೂಬ್ (ತೀರಾ ಹತ್ತಿರದಿಂದ ತೆಗೆಯಲು ಲೆನ್ಸಿನ ಹಿಂದೆ ಹಾಕುವ ಕೊಳವೆ) ಹಾಕಿ ಹಳೆಯ ನೆಗೆಟಿವ್‌ಗಳ ಫೋಟೋ ತೆಗೆಯುತ್ತಿದ್ದೇನೆ. ಕೆಳಗೆ ಬೆಳಕಿನ ಹಲಗೆ, ಅಪರ್ಚರ್ ಎಫ್/8. ಕಪ್ಪು ಬಿಳುಪಿನವು ಸಲೀಸು, ಕಂಪ್ಯೂಟರಿನಲ್ಲಿ ತಿರುವುಮುರುವು ಮಾಡಿದರೆ ಮುಗಿಯಿತು. ಬಣ್ಣದ ನೆಗೆಟಿವ್‌ಗಳ ಕಿತ್ತಳೆ ಛಾಯೆ ತೆಗೆಯುವುದು ದೊಡ್ಡ ಕೆಲಸ. ಆ ಡಬ್ಬಿಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ.