ಅಜ್ಜಿಯ ಮೂಗು ಅಡಗಿಸಿದ ಕಾರ್ಡ್

ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಗಂಗಾವತಿ ಅಂಗಡಿಯ ಹಾಡುವ ಕಾರ್ಡ್ ಬೇಡ ಅನಿಸಿತು. ಬಿಚ್ಚಿದಂತೆಲ್ಲ ಹೊಸ ಮುಖ ತೋರಿಸುವ ಕಾರ್ಡ್ ಮಾಡಲು ಕೂತೆ. ಇಂಥವಕ್ಕೆ ಫ್ಲೆಕ್ಸಾಗನ್ ಅಂತಾರೆ. 1939ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ಇಂಗ್ಲೆಂಡಿನ ಆರ್ಥರ್ ಸ್ಟೋನ್‌ಗೆ ಅಮೆರಿಕದ ಹಾಳೆ ತನ್ನ ಫೈಲಿಗೆ ಹಿಡಿಸಲಿಲ್ಲ, ಅಂಚು ಕತ್ತರಿಸಿದ, ಉಳಿದ ಪಟ್ಟಿಗಳನ್ನು ಸುಮ್ನೆ ಮಡಚುತ್ತಾ ಕೂತಾಗ ಸಿಕ್ಕಿದ್ದು ಇದು. ಅವನದು ಆರು ಮೂಲೆಯದು, ನನಗೆ ಚೌಕದ್ದೇ ಸಲೀಸು.

ಎ4 ಹಾಳೆಯನ್ನು 28×21 ಸೆಂ.ಮೀ.ಗೆ ಕತ್ತರಿಸಿ. 7 ಸೆಂ.ಮೀ.ನ ಹನ್ನೆರಡು ಚೌಕ ಬರುತ್ತವೆ, ಅಡ್ಡ ನಾಲ್ಕು, ಉದ್ದ ಮೂರು. ಎಲ್ಲ ಗೆರೆಗಳನ್ನೂ ಹಿಂದೆ ಮುಂದೆ ಎರಡೂ ಕಡೆ ಮಡಚಿ ಉಗುರಿನಿಂದ ಉಜ್ಜಿ, ಇದರಲ್ಲಿ ಸೋಮಾರಿತನ ಬೇಡ. ನಡುಸಾಲಿನ ನಡುವಿನ ಎರಡು ಚೌಕಗಳನ್ನು ಬ್ಲೇಡಿನಿಂದ ಮೂರು ಬದಿ ಕೊಯ್ದು ಎಡಬದಿ ಮಾತ್ರ ಬಿಡಿ, ನಾಲಿಗೆಯಂತೆ ಬರುತ್ತದೆ. ಆ ನಾಲಿಗೆಯನ್ನು ಹಿಂದಿನಿಂದ ಎಡಕ್ಕೆ ಮಡಚಿದರೆ ಒಂದು ಚೌಕ ಹೊರಗೆ ಚಾಚಿಕೊಳ್ಳುತ್ತದೆ. ಬಲಗಡೆಯ ಕೊನೆ ಸಾಲನ್ನು ಹಿಂದಕ್ಕೆ ಮಡಚಿ, ಇನ್ನೊಮ್ಮೆ ಹಿಂದಕ್ಕೆ. ಚಾಚಿದ ಚೌಕವನ್ನು ಮುಂದಕ್ಕೆ ತಂದು, ನಡುವೆ ಪಕ್ಕಪಕ್ಕ ಕೂತ ಎರಡು ಚೌಕಗಳನ್ನಷ್ಟೇ ಮೇಲಿನಿಂದ ಟೇಪು ಹಾಕಿ ಒಂದಕ್ಕೊಂದು ಅಂಟಿಸಿ.

ಮೊದಲ ಸಲ ಡ್ರಾಯಿಂಗ್ ಶೀಟ್ ತಗೊಂಡೆ, ದಪ್ಪ ಜಾಸ್ತಿ, ಮಡಿಕೆಯಲ್ಲೇ ಬಿರುಕು. ಎರಡನೇದಕ್ಕೆ ಜೆರಾಕ್ಸ್ ಹಾಳೆ ಸರಿಹೋಯ್ತು, ಆದರೆ ಏಪ್ರಿಲ್ ಬಿಸಿಲಿಗೆ ಟೇಪಿನ ಗಮ್ಮು ಕರಗಿ ಪದರಗಳೆಲ್ಲ ಅಂಟಿಕೊಂಡವು. ಕೊನೆಗೆ ಸಣ್ಣ ಕಾಗದದ ಪಟ್ಟಿಗೆ ತೆಳುವಾಗಿ ಅಂಟು ಹಚ್ಚಿ ಹಾಕಿದೆ.

ಈಗ ಮೇಲಿರುವುದು 1, ಬೆನ್ನಿಗೆ 2. 2ನ್ನು ಮೇಲೆ ಮಾಡಿ, 1 ಒಳಗೆ ಹೋಗುವಂತೆ ನಡುಗೆರೆಯಲ್ಲಿ ಹಿಂದಕ್ಕೆ ಮಡಚಿ, ಮುಂದೆ ಬಂದ ಮಡಿಕೆಯ ಅಂಚಿನಲ್ಲಿ ಬೆರಳಿಟ್ಟು ಬಿಡಿಸಿದರೆ 3. ಹಾಗೇ ಇನ್ನೊಮ್ಮೆ ಮಾಡಿದರೆ 4. ಚಿತ್ರ ಬರೆಯುವುದು ಹೀಗೆ ಬಿಡಿಸುತ್ತಾ ಬಿಡಿಸುತ್ತಾ. ಹಾಳೆ ಬಿಚ್ಚಿಟ್ಟಾಗ ಬರೆದರೆ ಒಂದು ಮುಖದ ಆರು ಚೌಕ ದಿಕ್ಕಾಪಾಲು.

ನಾನು 1ರಲ್ಲಿ ಮಗು, 2ರಲ್ಲಿ ಅಜ್ಜಿ, 3ರಲ್ಲಿ ಅಕ್ಕ, 4ರಲ್ಲಿ ಭಾವ ಬರೆದೆ. 3 ಬಿಡಿಸಿ ಕಾರ್ಡ್ ತಿರುವಿದರೆ ಅಜ್ಜಿಯ ಮುಖದ ಎರಡು ಹೋಳು ಅದಲು ಬದಲು, ಕಿವಿಗಳು ನಡುವೆ ಒಂದಕ್ಕೊಂದು ತಾಗಿ, ಅರ್ಧ ಮೂಗು ಎಡ ಅಂಚಿಗೆ, ಅರ್ಧ ಬಲ ಅಂಚಿಗೆ! 2 ಮತ್ತು 3ಕ್ಕೆ ಮಾತ್ರ ಹೀಗಾಗುತ್ತದೆ, 1, 4 ಹಾಳಾಗುವುದಿಲ್ಲ. ಸರಿ ಮಾಡೋಣ ಅಂತ ಹೊಸ ಹಾಳೆ ತೆಗೆಯುವಷ್ಟರಲ್ಲಿ ಅಜ್ಜಿ ಕನ್ನಡಕ ಏರಿಸಿ ನೋಡಿ, ‘ಏ ತಮ್ಮಾ, ನನ್ನ ಮೂಗು ಎಲ್ಲಿಟ್ಟೀಯೋ?’ ಅಂದಳು. ಮಗು ಕಾರ್ಡ್ ಕಿತ್ತುಕೊಂಡು ಹುಡುಕತೊಡಗಿತು, ನಾನು ಹಾಳೆ ವಾಪಸ್ ಇಟ್ಟೆ.