ಕಷಾಯಕ್ಕೆ ಅರಿಶಿನ: ಪುಡಿ ಬಿಟ್ಟು ಕೊಂಬಿಗೆ ಬಂದ ನನ್ನ ಅನುಭವ

ನಮ್ಮ ಮನೆಯಲ್ಲಿ ಸಂಜೆಯ ಕಾಫಿ ನಿಂತು ಕಷಾಯ ಶುರುವಾಗಿ ಆರು ವರ್ಷವಾಯಿತು. ಅತ್ತೆಯವರದು ತೀರ್ಥಹಳ್ಳಿ ಕಡೆ. ಅವರ ಕೈಯ ಕಷಾಯವೆಂದರೆ ಕೊತ್ತಂಬರಿ ಬೀಜ, ಜೀರಿಗೆ, ಸೋಂಪು, ಚೂರು ಮೆಂತ್ಯ, ಮೆಣಸು, ಮೇಲೆ ಬೆಲ್ಲ ಮತ್ತು ಹಾಲು. ಅದಕ್ಕೆ ಅರಿಶಿನ ಸೇರಿಸಿದವಳು ನಾನು. ನನ್ನ ತವರು ಗುಂಡ್ಲುಪೇಟೆ ತಾಲ್ಲೂಕು, ಅಪ್ಪ ಒಂದೂವರೆ ಎಕರೆಯಲ್ಲಿ ಅರಿಶಿನ ಹಾಕುತ್ತಾರೆ. ಬೆಳೆಯುವವರ ಮನೆಯ ಮಗಳು ಎಂಬ ಹುಮ್ಮಸ್ಸಿನಲ್ಲಿ ಮೊದಲ ದಿನವೇ ನಾಲ್ಕು ಲೋಟಕ್ಕೆ ಎರಡು ಚಮಚ ಪುಡಿ ಹಾಕಿಬಿಟ್ಟೆ. ಅತ್ತೆ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಗಂಟಲಲ್ಲಿ ಹಿಡಿಯುತ್ತೆ ಮಾರಾಯ್ತಿ. ತಳ ನೋಡು."

ತಳದಲ್ಲಿ ಹಳದಿ ಕೆಸರು ಕೂತಿತ್ತು. ಬಾಯಲ್ಲಿ ಮಣ್ಣಿನ ವಾಸನೆ, ನಾಲಿಗೆಯ ಮೇಲೆ ಒಗರು. ಆವತ್ತಿನಿಂದ ಸುಮಾರು ಒಂದು ವರ್ಷ ನಾನು ಹುಡುಕಿದ್ದು ಒಂದನ್ನೇ: ಅರಿಶಿನದ ಪರಿಮಳ ಲೋಟದಲ್ಲಿರಬೇಕು, ಕೆಸರು ಇರಬಾರದು.

ಪುಡಿಯ ಅಳತೆ ಇಳಿಸುತ್ತಾ ಬಂದೆ. ಒಂದು ಚಮಚ, ಅರ್ಧ, ಕಾಲು. ಕೆಸರು ಕಡಿಮೆಯಾಯಿತು, ಪರಿಮಳವೂ ಹೋಯಿತು. ಮಿಲ್ಲಿನ ಪುಡಿ ಎಷ್ಟು ನುಣ್ಣಗಿರುತ್ತದೆಂದರೆ ಟೀ ಸೋಸುವ ಜಾಲರಿ ಬಿಡಿ, ಪಂಚೆಯ ಬಟ್ಟೆಯಲ್ಲಿ ಸೋಸಿದರೂ ಇಳಿದುಬರುತ್ತದೆ. ನಡುವೆ ಊರಿಗೆ ಹೋಗಲಾಗದೆ ಅಂಗಡಿಯಿಂದ ತಂದ ಪುಡಿಯಂತೂ ಇನ್ನೂ ಬೇಸರ ತಂದಿತು. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಅಲುಗಿಸದೆ ಬಿಟ್ಟರೆ ಒಳ್ಳೆಯ ಅರಿಶಿನ ಕೆಳಗಿಳಿಯುವಾಗ ನೀರಿಗೆ ತಿಳಿ ಹಳದಿ ಬರುತ್ತದೆ. ಇದು ಗಾಢ ಹಳದಿ ಬಿಟ್ಟಿತು. ಆ ಪೊಟ್ಟಣವನ್ನು ಹಾಗೇ ಎಸೆದೆ. ದಿನವೂ ಮಕ್ಕಳು ಕುಡಿಯುವ ಲೋಟಕ್ಕೆ ಅನುಮಾನವಿರುವುದನ್ನು ಹಾಕಲು ನನಗೆ ಮನಸ್ಸು ಬರುವುದಿಲ್ಲ.

ದಾರಿ ಸಿಕ್ಕಿದ್ದು ತವರಿನ ಕಣದಲ್ಲಿ. ಮೇ–ಜೂನ್‌ನಲ್ಲಿ ನೆಟ್ಟ ಅರಿಶಿನವನ್ನು ಸಂಕ್ರಾಂತಿ ಕಳೆದ ಮೇಲೆ ಕೀಳುತ್ತಾರೆ. ತಾಯಿಗೆಡ್ಡೆ ಬೇರೆ, ಬೆರಳು ಬೇರೆ ಮಾಡಿ ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸುತ್ತಾರೆ. ಮುಕ್ಕಾಲು ಗಂಟೆಯ ಹೊತ್ತಿಗೆ ನೊರೆ ಉಕ್ಕಿ ಬಿಳಿ ಹಬೆಯೊಂದಿಗೆ ಒಂದು ವಾಸನೆ ಏಳುತ್ತದೆ. ಆಗ ಅಪ್ಪ ಒಂದು ಗೆಡ್ಡೆ ತೆಗೆದು ಕಡ್ಡಿ ಚುಚ್ಚುತ್ತಾರೆ. ಕಡ್ಡಿ ಸಲೀಸಾಗಿ ಇಳಿದರೆ ಬೆಂದಿದೆ. ಆಮೇಲೆ ಹತ್ತು ಹದಿನೈದು ದಿನ ಬಿಸಿಲು. ನೂರು ಕಿಲೋ ಹಸಿ ಗೆಡ್ಡೆ ಒಣಗಿ ಇಪ್ಪತ್ತು ಕಿಲೋ ಆಸುಪಾಸಿಗೆ ಬರುತ್ತದೆ. ಸರಿಯಾಗಿ ಒಣಗಿದ ಕೊಂಬನ್ನು ಮುರಿದರೆ ಟಕ್ ಎನ್ನಬೇಕು. ಆ ಸಲ ಅಪ್ಪ ಮುರಿದ ಕೊಂಬು ನನ್ನ ಅಂಗೈಯಲ್ಲಿತ್ತು. ಮುರಿದ ಮುಖ ಕಿತ್ತಳೆ ಬಣ್ಣ, ಮೇಣ ಸವರಿದಂಥ ಹೊಳಪು. ಮೂಗಿನ ಹತ್ತಿರ ಹಿಡಿದೆ. ಪುಡಿಯಲ್ಲಿ ಎಂದೂ ಸಿಗದ ಪರಿಮಳ ಅದರಲ್ಲಿತ್ತು. ಮೆಣಸಿನ ಘಾಟು, ಕಿತ್ತಳೆ ಸಿಪ್ಪೆ, ಒಣ ಕಟ್ಟಿಗೆ ಎಲ್ಲ ಸೇರಿದಂತೆ. ಪುಡಿ ಮಾಡಿಟ್ಟು ತಿಂಗಳುಗಟ್ಟಲೆ ಕಾಯುವುದರಲ್ಲಿ ನಾವು ಕಳೆದುಕೊಳ್ಳುವುದು ಇದನ್ನೇ ಎಂದು ಆಗ ಹೊಳೆಯಿತು.

ಎರಡು ಕಿಲೋ ಕೊಂಬು ಕಟ್ಟಿಕೊಂಡು ಮೈಸೂರಿಗೆ ಬಂದೆ. ಅಂದಿನಿಂದ ಕಷಾಯಕ್ಕೆ ಬೇಕಾದಷ್ಟನ್ನು ವಾರಕ್ಕೊಮ್ಮೆ ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟುತ್ತೇನೆ. ಕೊಂಬು ಕಲ್ಲಿನಂತೆ ಗಟ್ಟಿ. ಮೊದಲ ಏಟಿಗೆ ಚೂರು ಹಾರಿ ಕಣ್ಣಿಗೆ ಬಡಿಯಬಹುದು, ಹಾಗಾಗಿ ಬಟ್ಟೆಯಲ್ಲಿ ಸುತ್ತಿ ಒಡೆದು ಆಮೇಲೆ ಕುಟ್ಟುವುದು. ನುಣ್ಣಗೆ ಮಾಡಬಾರದು. ಸಣ್ಣ ರವೆಯ ಹಾಗೆ ತರಿ ಇರಬೇಕು. ಎದ್ದ ಹುಡಿಯನ್ನು ಜರಡಿ ಹಿಡಿದು ಸಾರಿಗೆ, ಪಲ್ಯಕ್ಕೆ ಇಟ್ಟುಕೊಂಡು ತರಿಯನ್ನು ಮಾತ್ರ ಕಷಾಯದ ಡಬ್ಬಿಗೆ ಹಾಕುತ್ತೇನೆ. ಗಾಜಿನ ಬಾಟಲಿ ಬೇಡ, ಬೆಳಕಿಗೆ ಅರಿಶಿನದ ಬಣ್ಣ ಮಾಸುತ್ತದೆ. ಸ್ಟೀಲ್ ಡಬ್ಬಿಯೇ ಸರಿ.

ಈಗ ಮಾಡುವ ಕ್ರಮ ಹೀಗೆ. ನಾಲ್ಕು ಲೋಟ ನೀರಿಗೆ ಅತ್ತೆಯ ಕಷಾಯ ಪುಡಿ ಮೂರು ಚಮಚ ಹಾಕಿ ಚೆನ್ನಾಗಿ ಕುದಿಸುತ್ತೇನೆ, ಕಾಲು ಲೋಟದಷ್ಟು ಇಂಗುವವರೆಗೆ. ಅರಿಶಿನ ಇನ್ನೂ ಬಿದ್ದಿರುವುದಿಲ್ಲ. ಮಾವನವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವುದರಿಂದ ಡಾಕ್ಟರನ್ನು ಕೇಳಿಕೊಂಡು, ಅವರ ಲೋಟವನ್ನು ಈ ಹಂತದಲ್ಲೇ ಸೋಸಿ ಬೇರೆ ಇಡುತ್ತೇನೆ. ಉಳಿದದ್ದಕ್ಕೆ ಅರ್ಧ ಚಮಚ ಅರಿಶಿನದ ತರಿ, ಜಜ್ಜಿದ ಐದಾರು ಕಾಳುಮೆಣಸು. ಉರಿ ಸಣ್ಣಗೆ ಮಾಡಿ, ಮುಚ್ಚಳ ಮುಚ್ಚಿ ಐದು ನಿಮಿಷ. ಮುಚ್ಚಳ ಮರೆತರೆ ಪರಿಮಳವೆಲ್ಲ ಅಡುಗೆಮನೆ ತುಂಬಿ ಲೋಟಕ್ಕೆ ಏನೂ ಉಳಿಯುವುದಿಲ್ಲ. ಒಲೆ ಆರಿಸಿದ ಮೇಲೆ ಬೆಲ್ಲ. ಸೋಸಿದ ಮೇಲೆ ಬೇರೆಯಾಗಿ ಕಾಯಿಸಿದ ಗಟ್ಟಿ ಹಾಲು ಅರ್ಧ ಲೋಟ. ಬೆಲ್ಲ ಹಾಕಿ ಹಾಲಿನೊಂದಿಗೆ ಕುದಿಸಿದರೆ ಒಡೆಯುವುದು ಖಂಡಿತ.

ಹಾಲು ಯಾಕೆ ಮುಖ್ಯ ಎನ್ನುವುದು ಕಣ್ಣಿಗೇ ಕಾಣುತ್ತದೆ. ಒಂದು ಲೋಟಕ್ಕೆ ಹಾಲು ಹಾಕಿ, ಇನ್ನೊಂದಕ್ಕೆ ಹಾಕದೆ ಹತ್ತು ನಿಮಿಷ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಹಾಲಿಲ್ಲದ ಲೋಟದ ತಳದಲ್ಲಿ ಹಳದಿ ಗೆರೆ ಕೂರುತ್ತದೆ, ಹಾಲಿನದು ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ಅರಿಶಿನದ ಹಳದಿ, ಅಂದರೆ ಕರ್ಕ್ಯುಮಿನ್, ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಲು ಕುಡಿಯದ ನನ್ನ ತಂಗಿಗೆ ಕಾಲು ಚಮಚ ತುಪ್ಪ ಹಾಕಿಕೊಡುತ್ತೇನೆ.

ಅರಿಶಿನವನ್ನು ಕೊನೆಗೆ ಹಾಕಲು ಇನ್ನೊಂದು ಕಾರಣವಿದೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಯಿಸಿದಾಗ ಅರಿಶಿನದ ಕರ್ಕ್ಯುಮಿನ್ 27ರಿಂದ 53 ಶೇಕಡಾ ನಷ್ಟವಾಗುತ್ತದೆ ಎಂದಿದೆ. ಹೆಚ್ಚು ಹೋಗುವುದು ಪ್ರೆಶರ್ ಕುಕ್ಕರಿನಲ್ಲಿ. ಮೆಣಸಿನ ಮಾತು ಬೆಂಗಳೂರಿನದು. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಎರಡು ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದಾಗ, ದೇಹಕ್ಕೆ ಸಿಗುವ ಪ್ರಮಾಣ 2000 ಶೇಕಡಾ ಹೆಚ್ಚಾಯಿತು. ಅರಿಶಿನ–ಮೆಣಸು ಎಂದು ಎಲ್ಲರೂ ಹೇಳುವುದರ ಹಿಂದೆ ಇರುವುದು ಹೆಚ್ಚಾಗಿ ಈ ಅಧ್ಯಯನವೇ.

ಆದರೆ ಲೆಕ್ಕವನ್ನು ನೇರವಾಗಿ ಹೇಳಬೇಕು. ನನ್ನ ಅರ್ಧ ಚಮಚ ತರಿ ಒಂದೂವರೆ ಗ್ರಾಂ ತೂಗುತ್ತದೆ. ನೂರಕ್ಕೆ ಮೂರು ಎಂದು ಹಿಡಿದರೂ ಅದರಲ್ಲಿ ಕರ್ಕ್ಯುಮಿನ್ 45 ಮಿಲಿಗ್ರಾಂ. ಮಾವನವರದು ಬಿಟ್ಟು ಮೂರು ಲೋಟಕ್ಕೆ ಹಂಚಿದರೆ ಲೋಟಕ್ಕೆ ಹದಿನೈದು, ಅದೂ ಪೂರ್ತಿ ಇಳಿದರೆ. ಆ ಅಧ್ಯಯನದ ಎರಡು ಗ್ರಾಂ ಮುಟ್ಟಲು ನೂರಮೂವತ್ತು ಲೋಟಕ್ಕಿಂತ ಹೆಚ್ಚು ಕುಡಿಯಬೇಕು. ಅದಕ್ಕೇ ಯಾರಾದರೂ ಮಂಡಿ ನೋವಿಗೆ, ಸಕ್ಕರೆ ಕಾಯಿಲೆಗೆ ಕಷಾಯ ಕೇಳಿಕೊಂಡು ಬಂದರೆ ನಾನು ಒಪ್ಪುವುದಿಲ್ಲ. ರುಚಿಗೆ ಕುಡಿಯಿರಿ, ಕಾಫಿ ಬಿಡಲು ಕುಡಿಯಿರಿ, ಮಾತ್ರೆ ನಿಲ್ಲಿಸಬೇಡಿ ಎನ್ನುತ್ತೇನೆ.

ಒಮ್ಮೆ ಕಷಾಯ ಇಟ್ಟಲ್ಲೇ ಕೆಂಪಗಾಯಿತು. ಗಾಬರಿಯಾಗಿ ಅತ್ತೆಯನ್ನು ಕರೆದೆ. ಅವರು ಪಾತ್ರೆಯ ಅಂಚಿಗೆ ಬೆರಳಾಡಿಸಿ, "ಸೋಪಿನ ಪುಡಿ ಹೋಗಿಲ್ಲ, ಚೆಲ್ಲು" ಎಂದರು. ಆರತಿಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಗುಣ. ಸೋಡಾ ಬಿದ್ದರೂ ಹೀಗೇ. ಕಷಾಯಕ್ಕೆ ಬೇರೆ ಪಾತ್ರೆ ಇಟ್ಟಿದ್ದು ಆಮೇಲೆ.

ಜನವರಿಯಿಂದ ಮಾರ್ಚಿಯವರೆಗೆ ಹಸಿ ಅರಿಶಿನದ ಕಾಲ. ಆಗ ಕುಟ್ಟಾಣಿಗೆ ರಜೆ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಗೆಡ್ಡೆಯನ್ನು ತುರಿದು ಹಾಕಿದರೆ ನಾಲ್ಕು ಲೋಟಕ್ಕೆ ಸಾಕು. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳದಿದ್ದರೆ ಮೂರು ದಿನ ಉಗುರು ಹಳದಿ. ಹಸಿಯದರಲ್ಲಿ ಒಗರು ಕಡಿಮೆ, ಎಳೆ ಕ್ಯಾರೆಟ್ಟಿನಂಥ ಸಿಹಿ ಇರುತ್ತದೆ. ಅತ್ತೆಗೆ ಮಾತ್ರ ಇವೆರಡಕ್ಕಿಂತ ಎಲೆ ಇಷ್ಟ. ನಾಗರಪಂಚಮಿಯ ಕಡುಬಿಗೆಂದು ಕುಂಡದಲ್ಲಿ ನೆಟ್ಟ ಅರಿಶಿನದ ಗಿಡದಿಂದ ಅರ್ಧ ಎಲೆ ಕಿತ್ತು, ಗಂಟು ಕಟ್ಟಿ ಕುದಿಯುವ ಕಷಾಯಕ್ಕೆ ತಾವೇ ಇಳಿಬಿಡುತ್ತಾರೆ. ಆ ದಿನ ತರಿಯ ಡಬ್ಬಿಯನ್ನು ನಾನು ತೆರೆಯುವುದಿಲ್ಲ.